ಸಾಕ್ಸಿನ ಹೊಲಿಗೆಯೂ ಚುಚ್ಚುವಾಗ: ಮಕ್ಕಳ ಇಂದ್ರಿಯ ಸಂವೇದನೆಯ ತೊಂದರೆಗೆ ಮನೆಯಲ್ಲಿ ಏನು ಮಾಡಬಹುದು?

ಜೂನ್ ತಿಂಗಳ ಒಂದು ಬೆಳಿಗ್ಗೆ, ಗಂಟೆ ಏಳೂಮುಕ್ಕಾಲು. ಬೆಂಗಳೂರಿನ ನಮ್ಮ ಕಟ್ಟಡದ ಎರಡನೇ ಮಹಡಿಯ ಮನೆಯ ಹೊಸಿಲಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಕುಳಿತು, ಬಲಗಾಲಿನ ಸಾಕ್ಸನ್ನು ನಾಲ್ಕನೇ ಬಾರಿ ಕಿತ್ತು ಎಸೆದಿದ್ದಾಳೆ. ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿದೆ, ಒಳಗೆ ಕುಕ್ಕರ್ ಕೂಗುತ್ತಿದೆ, ಅಮ್ಮನ ಕೈಯಲ್ಲಿ ಊಟದ ಡಬ್ಬಿಯಿದೆ. "ಚುಚ್ಚತ್ತೆ ಅಮ್ಮಾ" ಎಂದು ಮಗು ಅಳುತ್ತಿದೆ. ಸಾಕ್ಸನ್ನು ಒಳಹೊರಗೆ ಮಾಡಿ ನೋಡಿದರೆ ಮುಳ್ಳಿಲ್ಲ, ಕಸವಿಲ್ಲ. ಬೆರಳುಗಳ ಮೇಲೆ ಹಾದುಹೋಗುವ ಹೊಲಿಗೆಯ ಗೆರೆಯೊಂದಿದೆ, ಅಷ್ಟೆ. "ಎಲ್ಲಾ ಹಠ ಕಣೇ, ಎರಡು ಬಿಗಿದ್ರೆ ಸರಿಹೋಗ್ತಾಳೆ" ಎನ್ನುವುದು ಒಳಗಿನಿಂದ ಬರುವ ಅಜ್ಜಿಯ ತೀರ್ಪು.

ಅದೇ ವಾರ ಶಾಲೆಯವರು ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿದ್ದರು: ಮಗುವಿಗೆ ಸೆನ್ಸರಿ ಇಶ್ಯೂ ಇರಬಹುದು, ಓಟಿ ಮಾಡಿಸಿ. ನಗರದ ಪ್ಲೇಸ್ಕೂಲುಗಳಿಂದ ಇಂಥ ಚೀಟಿ ಪಡೆದ ತಂದೆತಾಯಿಯರು ಇಂದು ಕಡಿಮೆಯಿಲ್ಲ. ಚೀಟಿಯಲ್ಲಿರುವ ಎರಡೂ ಪದಗಳಿಗೆ ಅರ್ಥ ತಿಳಿಯದೆ, ಮಗುವಿಗೆ ಏನೋ ದೊಡ್ಡದಾಗಿದೆ ಎಂದು ಗಾಬರಿಯಾಗುವವರೂ ಇದ್ದಾರೆ, ಶಾಲೆಯವರಿಗೆ ಬೇರೆ ಕೆಲಸವಿಲ್ಲ ಎಂದು ಚೀಟಿಯನ್ನು ಮಡಚಿಡುವವರೂ ಇದ್ದಾರೆ. ಆದ್ದರಿಂದ ಮೊದಲಿನಿಂದ ನೋಡೋಣ.

ಇಂದ್ರಿಯಗಳು ಐದಕ್ಕೆ ಮುಗಿಯುವುದಿಲ್ಲ

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂಬ ಪಂಚೇಂದ್ರಿಯಗಳ ಪಾಠ ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ಮಕ್ಕಳ ಬೆಳವಣಿಗೆಯ ತಜ್ಞರು ಇವುಗಳ ಜೊತೆಗೆ ಇನ್ನೂ ಮೂರನ್ನು ಸೇರಿಸುತ್ತಾರೆ, ಮತ್ತು ಮನೆಯಲ್ಲಿ ನಮ್ಮನ್ನು ಗೊಂದಲಕ್ಕೆ ಬೀಳಿಸುವ ಅನೇಕ ವರ್ತನೆಗಳ ಬೇರು ಈ ಮೂರರಲ್ಲೇ ಇರುತ್ತದೆ.

ಮೊದಲನೆಯದು ಚಲನೆಯ ಮತ್ತು ಸಮತೋಲನದ ಅರಿವು. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಒಳಗಿನ ದ್ರವದ ಚಲನೆಯಿಂದ ಯಾವ ದಿಕ್ಕಿಗೆ, ಎಷ್ಟು ವೇಗವಾಗಿ ತಿರುಗಿದೆವು ಎಂಬುದು ಮಿದುಳಿಗೆ ತಿಳಿಯುತ್ತದೆ. ಎರಡನೆಯದು ಸ್ನಾಯು ಮತ್ತು ಕೀಲುಗಳಿಂದ ಬರುವ ಅರಿವು. ಕತ್ತಲಲ್ಲಿ ತಡಕಾಡದೆ ತುತ್ತನ್ನು ನೇರವಾಗಿ ಬಾಯಿಗಿಡುವುದು, ಮೊಟ್ಟೆಯನ್ನು ಒಡೆಯದಷ್ಟು ಮೃದುವಾಗಿ ಹಿಡಿಯುವುದು ಸಾಧ್ಯವಾಗುವುದು ಇದರಿಂದಲೇ. ಮೂರನೆಯದು ದೇಹದ ಒಳಗಿನ ಅರಿವು: ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ಎದೆ ಬಡಿತ. ಈ ಅರಿವು ಮಂದವಾಗಿರುವ ಮಗು ಆಟದ ನಡುವೆ ಚಡ್ಡಿ ಒದ್ದೆ ಮಾಡಿಕೊಂಡರೆ ಅದು ಸೋಮಾರಿತನವೇ ಆಗಿರಬೇಕೆಂದಿಲ್ಲ. ಸುದ್ದಿ ತಡವಾಗಿ ತಲುಪಿರಬಹುದು.

ಮಿದುಳೊಳಗಿನ ಮೈಕ್‌ಸೆಟ್

ಗಣೇಶನ ಹಬ್ಬದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುವಾಗ ವೇದಿಕೆಯ ಪಕ್ಕದಲ್ಲಿ ಮೈಕ್‌ಸೆಟ್ಟಿನ ಹುಡುಗನೊಬ್ಬ ಕುಳಿತಿರುತ್ತಾನೆ. ಅವನ ಮುಂದಿನ ಪೆಟ್ಟಿಗೆಯಲ್ಲಿ ಹಾಡುವವರಿಗೊಂದು, ತಬಲಾಕ್ಕೊಂದು, ಕೀಬೋರ್ಡಿಗೊಂದು ಎಂದು ಬೇರೆ ಬೇರೆ ಗುಂಡಿಗಳಿರುತ್ತವೆ. ಹಾಡು ಶುರುವಾದಾಗ ತಬಲಾವನ್ನು ಸ್ವಲ್ಪ ಇಳಿಸಿ, ಯಾವುದೋ ಮೈಕು ಕುಯ್ ಎಂದು ಕಿರುಚಿದರೆ ಅದನ್ನು ತಟ್ಟನೆ ಅದುಮಿ, ಅವನು ಎಲ್ಲವನ್ನೂ ಹದದಲ್ಲಿಡುತ್ತಾನೆ. ಅವನಿದ್ದಾನೆಂಬುದು ನಮ್ಮ ಗಮನಕ್ಕೆ ಬರುವುದು ಅವನು ತಪ್ಪಿದಾಗ ಮಾತ್ರ.

ಮಿದುಳೂ ದಿನವಿಡೀ ಇದೇ ಕೆಲಸ ಮಾಡುತ್ತಿರುತ್ತದೆ. ಊದುಬತ್ತಿ ಹಚ್ಚಿದ ಕೋಣೆಗೆ ಕಾಲಿಟ್ಟಾಗ ಮೂಗಿಗೆ ಬಡಿಯುವ ವಾಸನೆ ಸ್ವಲ್ಪ ಹೊತ್ತಿನಲ್ಲಿ ಗೊತ್ತೇ ಆಗದಂತಾಗುವುದು, ಕೈಗಡಿಯಾರ ಕಟ್ಟಿದ ಮೇಲೆ ಅದು ಮಣಿಕಟ್ಟಿನ ಮೇಲಿದೆಯೆಂಬುದೇ ಮರೆತುಹೋಗುವುದು, ಇವೆಲ್ಲ ಆ ಗುಂಡಿಗಳನ್ನು ಇಳಿಸಿದ ಫಲ. ಇಂದ್ರಿಯಗಳಿಂದ ಬಂದ ಮಾಹಿತಿಯನ್ನು ಹೀಗೆ ಪಡೆದು, ಬೇಕಾದದ್ದನ್ನು ಏರಿಸಿ, ಬೇಡವಾದದ್ದನ್ನು ಇಳಿಸಿ, ಒಂದರೊಡನೊಂದನ್ನು ಹೊಂದಿಸುವ ಕೆಲಸಕ್ಕೆ ಸಂವೇದನಾ ಸಂಸ್ಕರಣೆ ಎಂದು ಹೆಸರು. ಕೆಲವು ಮಕ್ಕಳಲ್ಲಿ ಒಂದೆರಡು ಗುಂಡಿಗಳು ಸದಾ ಮೇಲೇ ಇರುತ್ತವೆ: ಸಾಕ್ಸಿನ ಹೊಲಿಗೆ ಬೆಳಿಗ್ಗೆ ಎಷ್ಟು ಚುಚ್ಚಿತೋ ಮಧ್ಯಾಹ್ನವೂ ಅಷ್ಟೇ ಚುಚ್ಚುತ್ತಿರುತ್ತದೆ. ಇನ್ನು ಕೆಲವರಲ್ಲಿ ಗುಂಡಿ ತೀರಾ ಕೆಳಗಿರುತ್ತದೆ: ಮೂಗು ಸುರಿಯುತ್ತಿದ್ದರೂ, ಮಂಡಿ ತರಚಿದರೂ ಅರಿವಿರುವುದಿಲ್ಲ, ಮೂರು ಸಲ ಕೂಗಿದರೂ ತಿರುಗುವುದಿಲ್ಲ. ಮತ್ತೆ ಕೆಲವರು ಎಷ್ಟು ಸಿಕ್ಕರೂ ಸಾಲದೆ ಇನ್ನಷ್ಟು ಹುಡುಕುತ್ತಾರೆ. ಸೋಫಾದಿಂದ ಧುಮುಕುತ್ತಾರೆ, ಗಿರಗಿರನೆ ಸುತ್ತುತ್ತಾರೆ, ಅಂಗಿಯ ಕಾಲರನ್ನು ಅಗಿಯುತ್ತಾರೆ. ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಒಂದೇ ಮಗುವಿನಲ್ಲಿ ಬೇರೆ ಬೇರೆ ಗುಂಡಿಗಳು ಬೇರೆ ಬೇರೆ ಮಟ್ಟದಲ್ಲಿರಬಹುದು. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುವ ಹುಡುಗನೇ ಉಯ್ಯಾಲೆಯಿಂದ ಅರ್ಧ ಗಂಟೆಯಾದರೂ ಇಳಿಯದಿರಬಹುದು.

ಇದು ರೋಗವೇ?

ಈ ವಿಚಾರವನ್ನು 1960 ಮತ್ತು 70ರ ದಶಕಗಳಲ್ಲಿ ಮೊದಲು ವ್ಯವಸ್ಥಿತವಾಗಿ ಮುಂದಿಟ್ಟವರು ಅಮೆರಿಕದ ಎ. ಜೀನ್ ಏರ್ಸ್. ಅವರು ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದರು. ಬೆಂಗಳೂರಿನ ತಂದೆತಾಯಿಯರ ಬಾಯಲ್ಲಿ ಓಟಿ ಆಗಿರುವುದು ಇದೇ ಆಕ್ಯುಪೇಷನಲ್ ಥೆರಪಿ. ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಕನ್ನಡಿಸಿರುವುದರಿಂದ ಐದು ವರ್ಷದ ಮಗುವಿಗೆ ಎಂಥ ಉದ್ಯೋಗ ಎಂದು ಕೇಳುವವರಿದ್ದಾರೆ, ಅವರ ತಪ್ಪೇನೂ ಇಲ್ಲ. ಇಲ್ಲಿ ಉದ್ಯೋಗವೆಂದರೆ ದಿನನಿತ್ಯದ ಕೆಲಸಗಳು: ಉಣ್ಣುವುದು, ಉಡುವುದು, ಆಡುವುದು, ಬರೆಯುವುದು.

ಸಂವೇದನಾ ಸಂಸ್ಕರಣೆಯ ತೊಂದರೆಗೆ ಸ್ವತಂತ್ರ ಕಾಯಿಲೆಯ ಸ್ಥಾನ ಸಿಕ್ಕಿಲ್ಲ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂದಾಗ, ಸದ್ದು, ಸ್ಪರ್ಶ, ಬೆಳಕು ಮುಂತಾದವುಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಪ್ರತಿಕ್ರಿಯಿಸುವುದನ್ನು ಆಟಿಸಂನ (ಒಡನಾಟ, ಮಾತುಕತೆ ಕಷ್ಟವಾಗುವ ಬೆಳವಣಿಗೆಯ ತೊಂದರೆ) ಲಕ್ಷಣಗಳಲ್ಲಿ ಒಂದಾಗಿ ಸೇರಿಸಲಾಯಿತೇ ಹೊರತು, ಅದನ್ನೇ ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿ ಮಾಡಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2012ರಲ್ಲಿ, ಈ ಹೆಸರನ್ನು ರೋಗನಿರ್ಣಯವಾಗಿ ಬಳಸುವುದು ಸಾಮಾನ್ಯವಾಗಿ ಬೇಡ, ಮೊದಲು ಬೇರೆ ಕಾರಣಗಳಿವೆಯೇ ನೋಡಿ ಎಂದು ತನ್ನ ಸದಸ್ಯರಿಗೆ ಸಲಹೆ ಮಾಡಿತು. ಇದರರ್ಥ ಮಗುವಿನ ಸಂಕಟ ಸುಳ್ಳೆಂದಲ್ಲ. ಜ್ವರವು ತಾನೇ ಒಂದು ರೋಗವಾಗಿರದೆ ಯಾವುದೋ ರೋಗದ ಸೂಚನೆಯಾಗಿರುವಂತೆ, ಈ ತೊಂದರೆ ಆಟಿಸಂನಲ್ಲಿ, ಗಮನ ನಿಲ್ಲದ, ಚಟುವಟಿಕೆ ಅತಿಯಾಗುವ ಎಡಿಎಚ್‌ಡಿಯಲ್ಲಿ, ಆತಂಕದ ಸಮಸ್ಯೆಗಳಲ್ಲಿ ಕಾಣಿಸಿಕೊಳ್ಳಬಹುದು. ಇವು ಯಾವುವೂ ಇಲ್ಲದ ಮಕ್ಕಳಲ್ಲೂ ಕಾಣಿಸಬಹುದು. ಕೆಲವೊಮ್ಮೆ ಕಾರಣ ಇನ್ನೂ ಸರಳವಾಗಿರುತ್ತದೆ. ಕರೆದರೆ ತಿರುಗದ ಮಗುವಿಗೆ ಕಿವಿ ಸೋರುತ್ತಿರಬಹುದು, ಊಟ ಉಗುಳುವ ಮಗುವಿಗೆ ಹುಳುಕು ಹಲ್ಲಿರಬಹುದು ಅಥವಾ ಮಲಬದ್ಧತೆಯಿರಬಹುದು. ಕಿವಿ, ಕಣ್ಣು, ಹಲ್ಲುಗಳ ತಪಾಸಣೆ ಮಾಡಿಸದೆ 'ಸೆನ್ಸರಿ' ಎಂಬ ಪದವನ್ನು ಒಪ್ಪಿಕೊಳ್ಳಬಾರದು.

ರಚ್ಚೆಯಲ್ಲಿ ಎರಡು ಬಗೆ

ಆಟಿಕೆ ಅಂಗಡಿಯ ಮುಂದೆ ಕಾರು ಬೇಕೆಂದು ನೆಲಕ್ಕೆ ಬಿದ್ದು ಹೊರಳುವ ಮಗು ನಡುನಡುವೆ ಕಣ್ಣು ತೆರೆದು, ಅಪ್ಪ ನೋಡುತ್ತಿದ್ದಾರೆಯೇ ಎಂದು ಪರೀಕ್ಷಿಸುತ್ತದೆ. ಕಾರು ಸಿಕ್ಕೊಡನೆ ಅಳು ನಿಲ್ಲುತ್ತದೆ. ಮಾಲ್‌ನ ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರ ಭರ್ರೆಂದಾಗ ಚೀರುವ ಮಗುವಿಗೆ ಕೇಳಿಪಡೆಯಬೇಕಾದದ್ದು ಏನೂ ಇಲ್ಲ. ಚಾಕೊಲೇಟು ತೋರಿಸಿದರೂ ಅಳು ನಿಲ್ಲುವುದಿಲ್ಲ, ನಿಂತ ಮೇಲೆ ಮಗು ಸುಸ್ತಾಗಿ ಮಲಗಿಬಿಡಲೂಬಹುದು. ಎರಡನೆಯದನ್ನು ತಜ್ಞರು ಮೆಲ್ಟ್‌ಡೌನ್ ಎನ್ನುತ್ತಾರೆ. ಕಟ್ಟೆ ಒಡೆದಂತೆ ಎಂದರೆ ನಮಗೆ ಅರ್ಥವಾದೀತು. ನಿಜಜೀವನದಲ್ಲಿ ಇವೆರಡೂ ಕಲಸಿಕೊಂಡಿರುತ್ತವೆಯೆಂಬುದು ಬೇರೆ ಮಾತು, ಮಕ್ಕಳು ಜಾಣರು. ಆದರೂ ಕಟ್ಟೆ ಒಡೆದ ಹೊತ್ತಿನಲ್ಲಿ ಬುದ್ಧಿಮಾತು ಕಿವಿಗೆ ಬೀಳುವುದಿಲ್ಲ, ಏಟು ಇನ್ನೊಂದು ಸಂವೇದನೆಯಾಗಿ ಮೊದಲಿದ್ದ ಹೊರೆಗೆ ಸೇರುತ್ತದೆ. ಆಗ ಮಾಡಬೇಕಾದದ್ದು ಸದ್ದು, ಬೆಳಕು, ಜನ ಕಡಿಮೆಯಿರುವ ಕಡೆಗೆ ಕರೆದೊಯ್ದು, ಮಾತು ಕಡಿಮೆ ಮಾಡಿ, ಮಗು ಒಪ್ಪಿದರೆ ಗಟ್ಟಿಯಾಗಿ ಅಪ್ಪಿಕೊಂಡು, ಒಪ್ಪದಿದ್ದರೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು.

ಮೊದಲು ಒಂದು ನೋಟ್‌ಬುಕ್

ಏನನ್ನೂ ಕೊಳ್ಳುವ ಮೊದಲು ಎರಡು ವಾರ ಬರೆದಿಡುವುದು ಒಳ್ಳೆಯದು. ಯಾವಾಗ ಆಯಿತು, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಹೇಗೆ ನಿಂತಿತು. ಒಂದೊಂದಕ್ಕೆ ಒಂದು ಸಾಲು ಸಾಕು. ಎರಡನೇ ಮಹಡಿಯ ಆ ತಾಯಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯತೊಡಗಿದರು. ಹನ್ನೊಂದು ದಿನಗಳಲ್ಲಿ ತಿಳಿದದ್ದೇನೆಂದರೆ, ಸಾಕ್ಸಿನ ಜಗಳ ದಿನವೂ ಆಗುತ್ತಿರಲಿಲ್ಲ. ಬಿಸಿಲಲ್ಲಿ ಒಣಗಿ ಸೆಟೆದ ಹೊಸ ಜೋಡಿ ಹಾಕಿದ ದಿನ ಆಗುತ್ತಿತ್ತು; ಅದಕ್ಕಿಂತ ಹೆಚ್ಚಾಗಿ, ಕುಕ್ಕರ್, ಮಿಕ್ಸಿ, ಹಾರ್ನ್ ಮೂರೂ ಒಟ್ಟಿಗೆ ಬಿದ್ದ ದಿನ ಆಗುತ್ತಿತ್ತು. ಸಾಕ್ಸು ಕೊನೆಯ ಹುಲ್ಲುಕಡ್ಡಿಯಷ್ಟೆ, ಹೊರೆ ಅದಾಗಲೇ ತುಂಬಿರುತ್ತಿತ್ತು. ಮುಂದೆ ಥೆರಪಿಸ್ಟ್ ಬಳಿ ಹೋದರೂ ಅವರು ಮೊದಲು ಕೇಳುವುದು ಇಂಥ ವಿವರಗಳನ್ನೇ.

ಸದ್ದು

ಬೆಂಗಳೂರಿನಲ್ಲಿ ಸದ್ದಿನಿಂದ ಪೂರ್ತಿ ತಪ್ಪಿಸಿಕೊಳ್ಳುವ ಮಾತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ಮುಖ್ಯರಸ್ತೆಯ ಪಕ್ಕದಲ್ಲಿರುವವರು ಇದನ್ನು ಓದಿ ನಕ್ಕಾರು. ಮನೆಯೊಳಗಿನ ಸದ್ದಾದರೂ ನಮ್ಮ ಕೈಯಲ್ಲಿದೆ. ಸದ್ದು ಎಷ್ಟು ಜೋರೆಂಬುದಕ್ಕಿಂತ ಅದು ಹೇಳದೆ ಕೇಳದೆ ಬರುವುದೇ ಅನೇಕ ಮಕ್ಕಳಿಗೆ ಹೆಚ್ಚಿನ ಕಷ್ಟ. ಮಿಕ್ಸಿ ಹಾಕುವ ಮೊದಲು "ಈಗ ಮಿಕ್ಸಿ ಹಾಕ್ತೀನಿ, ಹತ್ತು ಎಣಿಸೋದ್ರಲ್ಲಿ ನಿಲ್ಲತ್ತೆ" ಎಂದು ಹೇಳಿ, ಹೇಳಿದಂತೆ ನಿಲ್ಲಿಸಿದರೆ ಸಾಕಷ್ಟು ಬದಲಾವಣೆ ಕಾಣಬಹುದು. ಸ್ವಿಚ್ಚನ್ನು ಮಗುವೇ ಹಾಕಿ ಆರಿಸುವಂತಾದರೆ ಇನ್ನೂ ಒಳ್ಳೆಯದು, ಏಕೆಂದರೆ ತನ್ನ ಹಿಡಿತದಲ್ಲಿರುವ ಸದ್ದು ಅಷ್ಟು ಹೆದರಿಸುವುದಿಲ್ಲ. ಮಿಕ್ಸಿಯ ಕೆಳಗೆ ದಪ್ಪ ಬಟ್ಟೆ ಮಡಚಿಡುವುದು, ಕುಕ್ಕರ್ ಇಡುವ ಹೊತ್ತನ್ನು ಮಗು ಏಳುವ ಮುಂಚಿನದಾಗಿಸುವುದು, ಯಾರೂ ನೋಡದೆ ಓಡುತ್ತಿರುವ ಟಿವಿಯನ್ನು ಆರಿಸುವುದು, ಖರ್ಚಿಲ್ಲದ ಉಪಾಯಗಳು.

ಕಿವಿ ಮುಚ್ಚುವ ಹೆಡ್‌ಫೋನಿನಂಥ ಇಯರ್‌ಮಫ್‌ಗಳು ದೀಪಾವಳಿಯ ರಾತ್ರಿಗೆ, ವಾಲಗದ ಪಕ್ಕದಲ್ಲೇ ಕೂರಬೇಕಾಗುವ ಮದುವೆ ಛತ್ರಕ್ಕೆ, ಡಿಜೆ ಹಾಕಿಕೊಂಡು ಬರುವ ಗಣೇಶನ ಮೆರವಣಿಗೆಗೆ ಉಪಯುಕ್ತ. ಆದರೆ ಅವನ್ನು ಇಡೀ ದಿನ ಹಾಕಿಸಿಟ್ಟರೆ ಕಿವಿ ನಿಶ್ಶಬ್ದಕ್ಕೇ ಒಗ್ಗಿಕೊಂಡು ಸಣ್ಣ ಸದ್ದೂ ದೊಡ್ಡದಾಗಬಹುದೆಂದು ತಜ್ಞರು ಎಚ್ಚರಿಸುತ್ತಾರೆ. ಛತ್ರಕ್ಕೆ ಹೋದಾಗ ಮೊದಲೇ ಒಂದು ಸದ್ದಿಲ್ಲದ ಮೂಲೆಯನ್ನೋ ಮೇಲಿನ ಕೋಣೆಯನ್ನೋ ನೋಡಿಟ್ಟುಕೊಂಡು, ಧಾರೆಯ ಹೊತ್ತಿಗೆ ಗಟ್ಟಿಮೇಳ ಶುರುವಾಗುವ ಮುಂಚೆ ಮಗುವನ್ನು ಕರೆದುಕೊಂಡು ಎದ್ದುಬಿಡುವುದರಲ್ಲಿ ನೆಂಟರಿಗೆ ಅವಮಾನವೇನೂ ಇಲ್ಲ. ಅಕ್ಷತೆಯನ್ನು ಆಮೇಲೂ ಹಾಕಬಹುದು.

ಬಟ್ಟೆ, ಸ್ನಾನ, ಕ್ಷೌರ

ಚರ್ಮದ ಗುಂಡಿ ಏರಿರುವ ಮಕ್ಕಳಿಗೆ ಮೆಲ್ಲಗೆ ತಾಗಿದ್ದೇ ಹೆಚ್ಚು ಹಿಂಸೆ, ಗಟ್ಟಿಯಾಗಿ ಒತ್ತಿದ್ದು ಹಿತ. ಇದು ನಮ್ಮ ಸಹಜ ಊಹೆಗೆ ವಿರುದ್ಧವಾದ್ದರಿಂದ ಬಹಳ ಮನೆಗಳಲ್ಲಿ ಪ್ರೀತಿಯಿಂದಲೇ ತಪ್ಪಾಗುತ್ತದೆ: ಅಳುತ್ತಿರುವ ಮಗುವಿನ ಕೆನ್ನೆಯನ್ನು ಬೆರಳ ತುದಿಯಿಂದ ಸವರುತ್ತೇವೆ, ಅದು ಇನ್ನಷ್ಟು ಕಿರುಚುತ್ತದೆ. ಸವರುವ ಬದಲು ಅಂಗೈಯನ್ನು ಭುಜದ ಮೇಲೆ ಸ್ಥಿರವಾಗಿ ಒತ್ತಿಡಬೇಕು. ಹಿಂದಿನಿಂದ ಬಂದು ಮುಟ್ಟದೆ, ಕಣ್ಣಿಗೆ ಕಾಣುವಂತೆ ಎದುರಿನಿಂದ ಬಂದು ಮುಟ್ಟಬೇಕು.

ಕಾಲರಿನ ಲೇಬಲ್ಲನ್ನು ದಾರದ ತುಣುಕೂ ಉಳಿಯದಂತೆ ಬಿಚ್ಚಬೇಕು, ಕತ್ತರಿಸಿದರೆ ಉಳಿದ ಅಂಚು ಮತ್ತಷ್ಟು ಚುಚ್ಚುತ್ತದೆ. ಹೊಸ ಯೂನಿಫಾರ್ಮನ್ನು ನಾಲ್ಕಾರು ಬಾರಿ ಒಗೆದು ಗಂಜಿ ಹೋಗಿಸಿ ಹಾಕಬೇಕು. ಸಾಕ್ಸನ್ನು ಒಳಹೊರಗೆ ಮಾಡಿ ತೊಡಿಸಿದರೆ ಹೊಲಿಗೆ ಹೊರಗಾಗುತ್ತದೆ. ಶೂ ಒಳಗೆ ಯಾರಿಗೂ ಕಾಣುವುದಿಲ್ಲ. ತಲೆಗೆ ನೀರು ಹಾಕುವಾಗ ಚೊಂಬಿನಿಂದ ಒಮ್ಮೆಲೇ ಸುರಿಯುವ ಬದಲು ಹಣೆಗೆ ಒಣ ಟವೆಲನ್ನು ಒತ್ತಿಹಿಡಿಯಲು ಹೇಳಿ, "ಮೂರು ಚೊಂಬು" ಎಂದು ಮೊದಲೇ ಲೆಕ್ಕ ಕೊಟ್ಟು, ಮೂರಕ್ಕೇ ಮುಗಿಸಬೇಕು. ಎಣ್ಣೆ ಸ್ನಾನದ ಅಜ್ಜಿಯರ ಕೈ ಇಲ್ಲಿ ನಿಜವಾಗಿಯೂ ಉಪಕಾರಕ್ಕೆ ಬರುತ್ತದೆ; ಅಂಗೈಯಿಂದ ಒತ್ತಿ ತಿಕ್ಕುವ ಆ ಹದ ಅನೇಕ ಮಕ್ಕಳಿಗೆ ಹಿಡಿಸುತ್ತದೆ. ಹಿಡಿಸದ ಮಗುವಿಗೆ ಸಂಪ್ರದಾಯದ ಹೆಸರಿನಲ್ಲಿ ಒತ್ತಾಯ ಬೇಡ. ಕ್ಷೌರಕ್ಕೆ ಭಾನುವಾರದ ಗದ್ದಲ ಬಿಟ್ಟು ವಾರದ ನಡುವೆ ಹೋಗಿ, ಟ್ರಿಮ್ಮರ್ ಬದಲು ಕತ್ತರಿ ಬಳಸಲು ಕೇಳಬಹುದು. ಪುದೀನದ ಖಾರದ ಟೂತ್‌ಪೇಸ್ಟ್ ನಾಲಿಗೆ ಸುಡುತ್ತದೆ ಎನ್ನುವ ಮಗುವಿಗೆ ಬೇರೆ ರುಚಿಯ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿದರೆ ಸಾಕು.

ತಟ್ಟೆಯಲ್ಲಿ

ಮಗು ಉಪ್ಪಿಟ್ಟು ತಿನ್ನುವುದಿಲ್ಲ, ದೋಸೆ ತಿನ್ನುತ್ತದೆ. ಬಿಸಿಬೇಳೆಬಾತ್ ಕಂಡರೆ ಓಕರಿಕೆ, ಬರೀ ಅನ್ನವಾದರೆ ಸರಿ. ಇದರ ಹಿಂದೆ ರುಚಿಗಿಂತ ಬಾಯೊಳಗಿನ ಸ್ಪರ್ಶವಿರುವುದೇ ಹೆಚ್ಚು. ದೋಸೆ ಮೊದಲ ತುತ್ತಿನಿಂದ ಕೊನೆಯವರೆಗೂ ಒಂದೇ ಥರ. ಉಪ್ಪಿಟ್ಟಿನಲ್ಲಿ ಮೆತ್ತಗಿನ ರವೆಯ ನಡುವೆ ಈರುಳ್ಳಿ, ಬಟಾಣಿ, ಕಡಲೆಬೇಳೆ, ಮೆಣಸಿನಕಾಯಿ ಎಲ್ಲಿ ಸಿಗುತ್ತವೋ ಹೇಳಲಾಗದು. ನಾಲಿಗೆಗೆ ಪ್ರತಿ ತುತ್ತೂ ಆಶ್ಚರ್ಯ. ಆದ್ದರಿಂದ ಮೊದಲು ಎಲ್ಲವನ್ನೂ ಕಲಸದೆ ಬೇರೆ ಬೇರೆ ಬಟ್ಟಲಲ್ಲಿಡುವುದು, ಒಪ್ಪಿದ ತಿನಿಸಿನ ಪಕ್ಕದಲ್ಲೇ ಹೊಸದನ್ನು ಚೂರೇಚೂರು ಇಟ್ಟು ತಿನ್ನೆಂದು ಹೇಳದಿರುವುದು ಉಪಯೋಗವಾಗುತ್ತದೆ. ಹೊಸ ತಿನಿಸು ಮೊದಲು ತಟ್ಟೆಯಲ್ಲಿರಲು ಮಗು ಒಪ್ಪಬೇಕು, ಆಮೇಲೆ ಮುಟ್ಟಲು, ಮೂಸಲು, ನೆಕ್ಕಲು, ಕೊನೆಗೆ ಕಚ್ಚಲು. ಒಂದೊಂದು ಮೆಟ್ಟಿಲಿಗೆ ವಾರಗಳೇ ಹಿಡಿಯಬಹುದು. ಮೂಗು ಹಿಡಿದು ಬಾಯಿಗೆ ತುರುಕಿದರೆ ಆ ಒಂದು ಹೊತ್ತಿನ ಊಟ ಒಳಗೆ ಹೋದೀತು, ಆದರೆ ಮಗು ಹಿಂದಿನ ಮೆಟ್ಟಿಲುಗಳಿಂದಲೂ ಇಳಿದುಬಿಡುತ್ತದೆ. ತೂಕ ಇಳಿಯುತ್ತಿದ್ದರೆ, ತಿನ್ನುವ ಪದಾರ್ಥಗಳು ದಿನೇದಿನೇ ಕಡಿಮೆಯಾಗುತ್ತಿದ್ದರೆ, ಕುಡಿಯುವಾಗ ನುಂಗುವಾಗ ಕೆಮ್ಮು ಬರುತ್ತಿದ್ದರೆ ಮನೆಯ ಪ್ರಯೋಗಗಳನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಕುಣಿಯುವ ಮಗುವಿಗೆ ಭಾರದ ಕೆಲಸ

ಸೋಫಾದಿಂದ ಧುಮುಕುವ, ಎಲ್ಲರಿಗೂ ಡಿಕ್ಕಿ ಹೊಡೆಯುವ ಮಕ್ಕಳ ಸ್ನಾಯು ಮತ್ತು ಕೀಲುಗಳು ಕೆಲಸ ಬೇಡುತ್ತಿರಬಹುದು. ತಳ್ಳುವುದು, ಎಳೆಯುವುದು, ಹೊರುವುದು, ಹಿಂಡುವುದು, ನಾದುವುದು ಇಂಥ ಮಕ್ಕಳನ್ನು ಶಾಂತಗೊಳಿಸುವುದನ್ನು ಥೆರಪಿಸ್ಟರು ಕಂಡಿದ್ದಾರೆ. ಅವರ ಕೋಣೆಯಲ್ಲಿ ಇದಕ್ಕೆ ಬಣ್ಣಬಣ್ಣದ ಸಾಧನಗಳಿರುತ್ತವೆ. ನಮ್ಮ ಅಡುಗೆಮನೆಯಲ್ಲೂ ಹಿತ್ತಲಲ್ಲೂ ಇವು ಮೊದಲಿಂದ ಇದ್ದ ಕೆಲಸಗಳೇ. ಚಪಾತಿ ಹಿಟ್ಟು ನಾದುವುದು, ಒದ್ದೆ ಟವೆಲ್ ಹಿಂಡುವುದು, ಅಂಗಡಿಯಿಂದ ಎರಡು ಹಾಲಿನ ಪ್ಯಾಕೆಟ್ ಚೀಲದಲ್ಲಿ ಹೊತ್ತು ಮೆಟ್ಟಿಲು ಹತ್ತುವುದು, ಗಿಡಗಳಿಗೆ ಸಣ್ಣ ಬಕೆಟ್ಟಿನಲ್ಲಿ ನೀರು ಒಯ್ಯುವುದು, ಕುರ್ಚಿಗಳನ್ನು ತಳ್ಳಿ ಜೋಡಿಸುವುದು. ಭಾರ ಮಗು ಉಸಿರು ಬಿಗಿಹಿಡಿಯದೆ ಎತ್ತುವಷ್ಟಿದ್ದರೆ ಸಾಕು. ಹೋಂವರ್ಕಿಗೆ ಕೂರಿಸುವ ಹತ್ತು ನಿಮಿಷ ಮುಂಚೆ ಇಂಥದೊಂದನ್ನು ಮಾಡಿಸಿ ನೋಡಬಹುದು.

ಉಯ್ಯಾಲೆಗೂ ಇದೇ ಜಾಗವಿದೆ. ಹಿಂದೆ ಮುಂದೆ ನಿಧಾನವಾಗಿ ತೂಗುವುದು ಸಾಮಾನ್ಯವಾಗಿ ಶಾಂತಗೊಳಿಸುತ್ತದೆ. ಜೋಲಿಯ ಗುಟ್ಟೇ ಅದು. ವೇಗವಾಗಿ ಗಿರಗಿರ ತಿರುಗಿಸುವುದು ಕೆರಳಿಸುತ್ತದೆ, ಕೆಲವರಿಗೆ ವಾಂತಿ ಬರಿಸುತ್ತದೆ. ಮಗು ತಾನೇ ಸುತ್ತಿದರೆ ಸುತ್ತಲಿ, ದೊಡ್ಡವರು ತಿರುಗಿಸುವುದು ಬೇಡ. ಮೂರ್ಛೆರೋಗವಿರುವ ಮಕ್ಕಳ ವಿಷಯದಲ್ಲಂತೂ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಕೊಳ್ಳುವ ಮುಂಚೆ

ಭಾರದ ಹೊದಿಕೆಗಳ ಜಾಹೀರಾತು ಈಗ ಎಲ್ಲೆಡೆ. ಬ್ರಿಟನ್ನಿನಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಹೊದಿಕೆ ಹೊದ್ದ ಮಕ್ಕಳು ಹೆಚ್ಚು ಹೊತ್ತೇನೂ ನಿದ್ದೆ ಮಾಡಲಿಲ್ಲ, ಆದರೆ ಮಕ್ಕಳೂ ತಂದೆತಾಯಿಯರೂ ಅದನ್ನು ಇಷ್ಟಪಟ್ಟರು. ಇಷ್ಟವಾದರೆ ಸ್ವಲ್ಪ ದೊಡ್ಡ ಮಕ್ಕಳಿಗೆ ಬಳಸಬಹುದು. ಕೂಸುಗಳಿಗೆ, ಹೊದಿಕೆಯನ್ನು ತಾನೇ ಸರಿಸಿಕೊಳ್ಳಲಾಗದ ಮಗುವಿಗೆ ಉಸಿರುಗಟ್ಟುವ ಅಪಾಯವಿರುವುದರಿಂದ ಬಳಸಲೇಬಾರದು.

ಥೆರಪಿಯ ಬಗ್ಗೆಯೂ ಇಷ್ಟೇ ಎಚ್ಚರದ ಮಾತು ಹೇಳಬೇಕಾಗುತ್ತದೆ. ಸಂವೇದನೆಯ ಥೆರಪಿಯಿಂದ ಮಕ್ಕಳು ತಮಗೆಂದೇ ಗೊತ್ತುಮಾಡಿದ ಗುರಿಗಳಲ್ಲಿ ಮುಂದುವರಿದರೆಂದು 2014ರಲ್ಲಿ 32 ಮಕ್ಕಳ ಅಧ್ಯಯನವೊಂದು ತೋರಿಸಿತು. 138 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಾಮೂಲಿ ಆರೈಕೆಗಿಂತ ಹೆಚ್ಚಿನ ಸ್ಪಷ್ಟ ಲಾಭ ಕಾಣಲಿಲ್ಲ. ಹಾಗಾಗಿ ವಾರಕ್ಕೆ ಇಷ್ಟು ಸೆಷನ್ ಎಂದು ಮುಂಗಡ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಮೂರು ತಿಂಗಳಲ್ಲಿ ಯಾವ ದಿನನಿತ್ಯದ ಕೆಲಸ ಸುಲಭವಾಗಬೇಕು? ಆಗಿದೆಯೋ ಇಲ್ಲವೋ ಎಂದು ಹೇಗೆ ಅಳೆಯುತ್ತೀರಿ? ಮಗುವಿನ ಮೈಯನ್ನು ಬ್ರಷ್‌ನಿಂದ ಉಜ್ಜುವ ವಿಧಾನವನ್ನು ವಿಡಿಯೋ ನೋಡಿ ಮನೆಯಲ್ಲಿ ಮಾಡುವುದು ಬೇಡ. ಅದರ ಪರವಾಗಿ ಗಟ್ಟಿ ಆಧಾರವಿಲ್ಲ.

ಎಲ್ಲಿಗೆ ಹೋಗುವುದು?

ಮೊದಲ ಬಾಗಿಲು ನಿಮ್ಮ ಮಕ್ಕಳ ವೈದ್ಯರದು. ಮಾತು ತಡವಾಗಿದ್ದರೆ, ಕಣ್ಣಿಟ್ಟು ನೋಡದಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ, ಬಂದಿದ್ದ ಮಾತು ಹಿಂದಕ್ಕೆ ಹೋಗಿದ್ದರೆ ಕಾಯದೆ ಬೆಳವಣಿಗೆಯ ಪೂರ್ಣ ತಪಾಸಣೆ ಮಾಡಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳಿಗೆ 18 ವರ್ಷದವರೆಗೆ ತಪಾಸಣೆಯಿದ್ದು, ಅಗತ್ಯವಿದ್ದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಬರೀ ಸಂವೇದನೆಯ ತೊಂದರೆ ಅದರಲ್ಲಿಲ್ಲ, ಆದ್ದರಿಂದ ಅದೊಂದಕ್ಕೇ ಪ್ರಮಾಣಪತ್ರ ಸಿಗುವುದಿಲ್ಲ.

ಶಾಲೆಗೂ ಒಂದು ಪತ್ರ ಬರೆದುಕೊಡುವುದು ಒಳ್ಳೆಯದು, ಅರ್ಧ ಪುಟಕ್ಕೆ ಮೀರದಂತೆ. ರೋಗದ ಹೆಸರಿಗಿಂತ ಟೀಚರಿಗೆ ಬೇಕಾಗುವುದು ಇಂಥ ವಿವರ: ಗಂಟೆಯ ಕೆಳಗಿನ ಬೆಂಚು ಬೇಡ, ಸಾಲಿನಲ್ಲಿ ನಿಲ್ಲುವಾಗ ಕೊನೆಯಲ್ಲಿ ನಿಲ್ಲಲಿ, ಕಿವಿ ಮುಚ್ಚಿಕೊಂಡರೆ ಎರಡು ನಿಮಿಷ ಹೊರಗೆ ಕಳಿಸಿ, ನೋಟ್‌ಬುಕ್ ಹಂಚುವ ಕೆಲಸ ಕೊಡಿ. ಎರಡನೇ ಮಹಡಿಯವರು ಇದರ ಜೊತೆಗೆ ವ್ಯಾನಿನ ಚಾಲಕರೊಂದಿಗೂ ಮಾತಾಡಿದರು. ಅವರು ಈಗ ಹಾರ್ನ್ ಹೊಡೆಯುವುದಿಲ್ಲ. ತಿರುವಿಗೆ ಬಂದಾಗ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಸಾಕ್ಸು ಇಂದಿಗೂ ಒಳಹೊರಗಾಗಿಯೇ ಹೋಗುತ್ತಿದೆ.